ಮೆಲನ್ ಬಾರ್ಬ್: ಮೀನು ಚಲೋ, ಜೋಡಿ ಕೊಡೋ ಸೆಟ್ ಬ್ಯಾಡ

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಹುಬ್ಬಳ್ಳಿ-ಧಾರವಾಡದ ಮನೆಗೆ ಮೆಲನ್ ಬಾರ್ಬಿನಷ್ಟು ಹೊಂದುವ ಮೀನು ಅಂಗಡಿಯ ಸಾಲಿನಲ್ಲಿ ಬಹಳ ಇಲ್ಲ. ಚಳಿಗಾಲದಲ್ಲಿ ಹೀಟರ್ ಕೇಳುವುದಿಲ್ಲ, ಇಂಥದ್ದೇ ತಿಂಡಿ ಬೇಕೆಂದು ಹಟ ಹಿಡಿಯುವುದಿಲ್ಲ, ದಿನವಿಡೀ ಓಡಾಡುತ್ತದೆ. ಆದರೆ ಈ ಮೀನು ಬೇಕೆಂದು ಹೋದವರಿಗೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಟ್ಟಿಕೊಡುವ ‘ಎರಡು ಫೂಟಿನ ಸೆಟ್’ ಇದೆಯಲ್ಲ, ಟ್ಯಾಂಕ್, ಟಾಪ್ ಫಿಲ್ಟರ್, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಹೀಟರ್, ನೀಲಿ ಔಷಧಿಯ ಬಾಟಲಿ, ಅದರಲ್ಲಿ ಇದಕ್ಕೆ ಆಗಿಬರುವ ಸಾಮಾನು ಒಂದೋ ಎರಡೋ. ಅದಕ್ಕೇ ಮೀನನ್ನೂ ಸೆಟ್ಟನ್ನೂ ಇಲ್ಲಿ ಬೇರೆ ಬೇರೆ ತೂಗಿದ್ದೇವೆ.

ಮೊದಲು ಮೀನು. ಇದು ಪಶ್ಚಿಮ ಘಟ್ಟದ ಹೊಳೆಗಳದ್ದು. ಗೋವಾ, ಕರ್ನಾಟಕ, ಕೇರಳದ ಕಲ್ಲುಹಾಸಿನ ತೊರೆಗಳಲ್ಲಿ ಗುಂಪಾಗಿ ಬದುಕುತ್ತದೆ. ಪೂರ್ತಿ ಬೆಳೆದರೆ 6 ಸೆಂ.ಮೀ. ಮೈ ಕಿತ್ತಳೆಗೆಂಪಿನಿಂದ ನೇರಳೆಯವರೆಗೆ, ಅಡ್ಡಕ್ಕೆ ಅಗಲವಾದ ಕಪ್ಪು ಪಟ್ಟೆಗಳು, ಬಾಯಿಯ ಹತ್ತಿರ ಎರಡು ಜೊತೆ ಸಣ್ಣ ಮೀಸೆ. ಪ್ರಾಣಿಶಾಸ್ತ್ರಜ್ಞ ಜರ್ಡನ್ 1849ರಲ್ಲಿ ಇದನ್ನು ವಿವರಿಸಿದ. ಬಹುಕಾಲ ಪುಂಟಿಯಸ್ ಫ್ಯಾಸಿಯೇಟಸ್ ಎಂಬ ಹೆಸರಿತ್ತು, ಅನೇಕ ಪಟ್ಟಿಗಳಲ್ಲಿ ಇನ್ನೂ ಅದೇ ಇದೆ. 2013ರಿಂದ ಹಲುದಾರಿಯಾ ಫ್ಯಾಸಿಯೇಟಾ. ಹಲುದಾರ್ ಎಂಬಾತ ಗಂಗೆಯ ಮೀನುಗಳ ಬಗ್ಗೆ 1822ರಲ್ಲಿ ಬರೆದ ಹ್ಯಾಮಿಲ್ಟನ್ ಬುಕನನ್‌ಗೆ ಚಿತ್ರ ಬರೆದುಕೊಟ್ಟ ಬಂಗಾಳಿ ಕಲಾವಿದ. ಬುಕನನ್ 1801ರಲ್ಲಿ ನಮ್ಮ ಶಿರಸಿ-ಸೋಂದಾ ಕಡೆಯೂ ಓಡಾಡಿದ್ದವನೇ. ಚಿತ್ರಕಾರನ ಹೆಸರು ಕೊನೆಗೆ ಘಟ್ಟದ ಮೀನಿಗೇ ಅಂಟಿತು.

ಅಂಗಡಿಯಲ್ಲಿ ಇದನ್ನು ನೋಡಿ ಹೆಚ್ಚಿನವರು ಮುಂದೆ ಹೋಗಿಬಿಡುತ್ತಾರೆ. ಬರೀ ಗಾಜಿನ ತಳ, ಮೇಲೆ ಬಿಳಿ ದೀಪ, ಬಚ್ಚಿಟ್ಟುಕೊಳ್ಳಲು ಒಂದು ಎಲೆಯೂ ಇಲ್ಲ. ಅಂಥಲ್ಲಿ ಮೀನು ಬಣ್ಣ ಇಳಿಸಿಕೊಂಡು ಹಳೇ ಖಾಕಿ ಅಂಗಿಯಂತೆ ಕಾಣುತ್ತದೆ. ಮರಿಗಳಂತೂ ಇನ್ನೂ ಮಸುಕು. ಪಕ್ಕದ ತೊಟ್ಟಿಯ ಟೈಗರ್ ಬಾರ್ಬ್ ಝಗಮಗ ಎನ್ನುತ್ತಿರುವಾಗ ಇದನ್ನು ಯಾರು ಕೇಳುತ್ತಾರೆ? ಕಡುಬಣ್ಣದ ಉಸುಕು, ಒಂದಿಷ್ಟು ಗಿಡ, ಮಂದ ಬೆಳಕು ಸಿಕ್ಕ ಮೇಲೆ ಮೂರ್ನಾಲ್ಕು ವಾರದಲ್ಲಿ ಗಂಡುಗಳ ಮೈ ಕೆಂಪೇರುತ್ತದೆ. ಹೆಣ್ಣು ಗಂಡಿಗಿಂತ ದಪ್ಪ, ಹೊಟ್ಟೆ ದುಂಡಗೆ, ಬಣ್ಣ ಕಡಿಮೆ. ಆರಿಸುವಾಗ ಬಣ್ಣ ನೋಡಬೇಡಿ, ರೆಕ್ಕೆ ನೋಡಿ. ಬೆನ್ನಿನ ರೆಕ್ಕೆ ಬಿಚ್ಚಿ ನಿಂತಿರಬೇಕು, ಹೊಟ್ಟೆ ಒಳಗೆ ಹೋಗಿರಬಾರದು, ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕೆ ಇರಬಾರದು, ಕಿವಿರು ಏದುಸಿರು ಬಿಟ್ಟಂತೆ ಹೊಡೆದುಕೊಳ್ಳಬಾರದು. ಒಂದು ಚಿಟಿಕೆ ತಿಂಡಿ ಹಾಕಿಸಿ. ತಿನ್ನಲು ಮೇಲೆ ಬಾರದ ಮೀನನ್ನು ಬಿಡಿ.

ಹೊಸ ಮಾಲು ಬಂದ ದಿನವೇ ಕೊಳ್ಳಬೇಡಿ. ರಾತ್ರಿ ಬಸ್ಸಿನ ಪೊಟ್ಟಣದಲ್ಲಿ ಬಂದ ಮೀನಿಗೆ ಏನಾಗಿದೆ ಎಂದು ತಿಳಿಯಲು ಐದಾರು ದಿನ ಬೇಕು. ಸ್ವಲ್ಪ ಮುಂಗಡ ಕೊಟ್ಟು ವಾರ ಬಿಟ್ಟು ಒಯ್ಯುವುದೇ ಲಾಭ. ಹೊಳೆಯಿಂದ ಹಿಡಿದದ್ದೋ, ಫಾರ್ಮಿನಲ್ಲಿ ಮರಿ ಮಾಡಿಸಿದ್ದೋ ಎಂದು ಕೇಳಿ. ಹಿಡಿದ ಮೀನಿಗೆ ಹೊಟ್ಟೆಹುಳದ ಕಾಟ ಜಾಸ್ತಿ, ಕಾಳುತಿಂಡಿ ಕಲಿಯುವುದೂ ತಡ.

ಲೆಕ್ಕ ಎಂಟರಿಂದ ಹತ್ತು. ಇಲ್ಲಿ ಚೌಕಾಶಿ ಬೇಡ. ‘ಜೋಡಿ ಒಯ್ಯಿರಿ’ ಎಂಬ ಸಲಹೆ ಲವ್‌ಬರ್ಡ್ಸ್‌ಗೆ ಸರಿ, ಬಾರ್ಬಿಗಲ್ಲ. ಎರಡೇ ಇದ್ದರೆ ಒಂದು ಇನ್ನೊಂದನ್ನು ಮೂಲೆಗೆ ಅಟ್ಟುತ್ತದೆ, ನಾಲ್ಕಿದ್ದರೆ ಬಡಪಾಯಿ ಒಂದಕ್ಕೆ ಮೂರರ ಏಟು. ಎಂಟರ ಮೇಲಿದ್ದರೆ ಜಗಳ ಹಂಚಿಹೋಗುತ್ತದೆ, ಗಂಡುಗಳು ಕಚ್ಚುವುದು ಬಿಟ್ಟು ಒಂದರ ಮುಂದೊಂದು ಬಣ್ಣ ತೋರಿಸುವುದರಲ್ಲೇ ತೊಡಗುತ್ತವೆ. ಗಂಡಿಗಿಂತ ಹೆಣ್ಣು ಹೆಚ್ಚಿರಲಿ. ಜೊತೆಗೆ ಜೀಬ್ರಾ ಡ್ಯಾನಿಯೋ, ಮಲಬಾರ್ ಡ್ಯಾನಿಯೋ ನಡೆಯುತ್ತವೆ. ಗಪ್ಪಿ, ಏಂಜೆಲ್, ಫೈಟರ್ ಬೇಡ, ಉದ್ದ ರೆಕ್ಕೆ ಕಂಡರೆ ಇವಕ್ಕೆ ಬಾಯಿ ತಡೆಯುವುದಿಲ್ಲ. ಗೋಲ್ಡ್‌ಫಿಶ್ ಕೂಡ ಬೇಡ, ಅದು ಮಾಡುವ ಹೊಲಸು ಒಂದು ಸಂಸಾರಕ್ಕೆ ಸಾಲುತ್ತದೆ.

ಇನ್ನು ಸೆಟ್.

ಎರಡು ಫೂಟಿನ ಟ್ಯಾಂಕ್ ಎಂದರೆ 24×12×12 ಇಂಚು. ಗಾಜಿನ ಲೆಕ್ಕದಲ್ಲಿ 56 ಲೀಟರ್. ಕಲ್ಲು ಹಾಕಿ, ಮೇಲೆ ಎರಡು ಬೆರಳು ಖಾಲಿ ಬಿಟ್ಟರೆ ಉಳಿಯುವುದು 45. ಹತ್ತು ಬಾರ್ಬಿಗೆ ಇದು ಸಾಲದು. ನೀರು ಕಡಿಮೆ ಎಂಬುದಕ್ಕಿಂತ ಓಟಕ್ಕೆ ಉದ್ದವಿಲ್ಲ ಎಂಬುದೇ ದೊಡ್ಡ ದೋಷ. ಬೇಕಾದ್ದು 36×15×15 ಇಂಚಿನದು. ನೀರು ಸುಮಾರು 110 ಲೀಟರ್ ಹಿಡಿಯುತ್ತದೆ. ಗಾಜು 8 ಮಿ.ಮೀ. ಇರಲಿ. ನೀರು, ಗಾಜು, ಉಸುಕು ಸೇರಿ ತೂಕ ಒಂದೂವರೆ ಕ್ವಿಂಟಲ್ ಆಗುತ್ತದೆ. ಟಿವಿ ಇಡುವ ಪ್ಲೈವುಡ್ ಕಪಾಟಿನ ಮೇಲೆ ಇಟ್ಟರೆ ಒಂದು ದಿನ ಟ್ಯಾಂಕೂ ಕಪಾಟೂ ಕೂಡಿ ಕೆಳಗೆ ಬರುತ್ತವೆ. ಕಬ್ಬಿಣದ ಆಂಗಲ್ ಸ್ಟ್ಯಾಂಡ್ ಮಾಡಿಸಿ, ಮೇಲೆ 12 ಮಿ.ಮೀ. ಥರ್ಮಾಕೋಲ್ ಹಾಸಿ, ಮಟ್ಟದ ಕೊಳವೆ ಇಟ್ಟು ನೋಡಿದ ಮೇಲೆಯೇ ಟ್ಯಾಂಕ್ ಕೂರಿಸಿ. ಮುಚ್ಚಳ ಕಡ್ಡಾಯ. ಬಾರ್ಬ್ ಜಿಗಿಯುತ್ತದೆ, ಅದೂ ಹೊಸದಾಗಿ ಬಿಟ್ಟ ಮೊದಲ ವಾರ, ರಾತ್ರಿ ಲೈಟ್ ತಟ್ಟನೆ ಹಾಕಿದಾಗ. ಏರ್ ಪೈಪಿಗೆ ಬಿಟ್ಟ ಸಂದೂ ಅದಕ್ಕೆ ಸಾಕು.

ಟಾಪ್ ಫಿಲ್ಟರ್ ಪೂರ್ತಿ ಕೆಟ್ಟದ್ದೇನಲ್ಲ. ಮೇಲಿಂದ ನೀರು ಬೀಳಿಸಿ ಗಾಳಿ ಬೆರೆಸುವ ಕೆಲಸ ಚೆನ್ನಾಗಿಯೇ ಮಾಡುತ್ತದೆ. ತೊಂದರೆ ಅದರೊಳಗಿನ ಬಿಳಿ ಹತ್ತಿಯದು. ವಾರಕ್ಕೆ ಅದು ಕಟ್ಟಿಕೊಳ್ಳುತ್ತದೆ, ಮನೆಯವರು ತೆಗೆದು ಎಸೆದು ಹೊಸದು ಹಾಕುತ್ತಾರೆ. ಮೀನಿನ ಹೊಲಸಿನ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯ ಕೂತಿರುವುದೇ ಆ ಹತ್ತಿಯಲ್ಲಿ. ಹತ್ತಿಯ ಜೊತೆ ಅದೂ ಕಸದ ಗಾಡಿ ಹತ್ತುತ್ತದೆ. ಮೂರನೇ ದಿನ ನೀರು ಹಾಲಿನಂತೆ ಮಸುಕು, ಆಮೇಲೆ ‘ಮೀನು ಸರಿ ಇರಲಿಲ್ಲ’ ಎಂದು ಅಂಗಡಿಯವನ ಜೊತೆ ಜಗಳ.

ಇದರ ಬದಲು ಎರಡು ಸ್ಪಂಜ್ ಫಿಲ್ಟರ್, ಆ ತುದಿಗೊಂದು ಈ ತುದಿಗೊಂದು, ಎರಡು ತೂತಿನ ಒಂದು ಏರ್ ಪಂಪ್. 5 ವ್ಯಾಟಿನ ಪಂಪ್ ಹಗಲು ರಾತ್ರಿ ಓಡಿದರೂ ತಿಂಗಳಿಗೆ 3.6 ಯೂನಿಟ್. ತಗಲುವ ಸಾಮಾನೂ ಕಡಿಮೆ: ಪೈಪ್, ಟೀ ಜಾಯಿಂಟ್, ನಾನ್-ರಿಟರ್ನ್ ವಾಲ್ವ್. ಈ ವಾಲ್ವ್ ಬಿಟ್ಟು ಬರಬೇಡಿ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದು ಕರೆಂಟು ಹೋಯಿತೋ, ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಹೋಗುತ್ತದೆ, ಅಲ್ಲಿಂದ ಸ್ವಿಚ್‌ಬೋರ್ಡಿಗೆ. ವಾಲ್ವಿನ ಮೇಲಿನ ಬಾಣದ ಗುರುತು ಟ್ಯಾಂಕಿನ ಕಡೆಗಿರಬೇಕು. ಉಲ್ಟಾ ಹಾಕಿ ‘ಗಾಳಿ ಬರ್ತಿಲ್ಲ, ಪಂಪ್ ಖೊಟ್ಟಿ’ ಎಂದು ವಾಪಸ್ ತರುವವರು ಬೇಕಾದಷ್ಟು ಜನ. ಕರೆಂಟು ಮೂರು-ನಾಲ್ಕು ತಾಸು ಹೋದರೂ ಸ್ಪಂಜ್ ತೆರೆದ ನೀರಿನಲ್ಲೇ ಇರುವುದರಿಂದ ಬ್ಯಾಕ್ಟೀರಿಯ ಉಸಿರುಗಟ್ಟುವುದಿಲ್ಲ. ಮುಚ್ಚಿದ ಡಬ್ಬಿಯ ಕ್ಯಾನಿಸ್ಟರ್ ಫಿಲ್ಟರಿಗೆ ಈ ಮಾತು ಹೇಳಲಾಗದು. ಬಾರ್ಬಿಗೆ ನೀರಿನ ಸೆಳೆತ ಇಷ್ಟ, ಹಾಗಾಗಿ ತಾಸಿಗೆ 600 ಲೀಟರ್ ತಳ್ಳುವ ಸಣ್ಣ ಪವರ್ ಹೆಡ್ (ನೀರಿನೊಳಗಿನ ಪಂಪ್) ಒಂದು ಪಕ್ಕಕ್ಕೆ ಸೇರಿಸಿದರೆ ಒಳ್ಳೆಯದು. ಅಗತ್ಯವೇನಲ್ಲ.

ಸ್ಪಂಜನ್ನು ಎರಡು ವಾರಕ್ಕೊಮ್ಮೆ, ಒಂದು ಸಲಕ್ಕೆ ಒಂದನ್ನೇ, ಟ್ಯಾಂಕಿನಿಂದ ತೆಗೆದ ನೀರಿನ ಬಕೆಟ್ಟಿನಲ್ಲಿ ಹಿಂಡಿ. ನಳದ ಕೆಳಗೆ ಹಿಡಿದರೆ ಕ್ಲೋರಿನ್ ಬ್ಯಾಕ್ಟೀರಿಯವನ್ನು ತೊಳೆದು ಹಾಕುತ್ತದೆ.

ಬಣ್ಣದ ಕಲ್ಲು ಬೇಡ. ನೀಲಿ, ಗುಲಾಬಿ, ಬಿಳಿ ತಳದ ಮೇಲೆ ಮೀನು ಮತ್ತೆ ಖಾಕಿಯೇ. 2-3 ಮಿ.ಮೀ. ಹೊಳೆಯ ದಪ್ಪ ಉಸುಕನ್ನು ಜರಡಿ ಹಿಡಿದು, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಎರಡು ಇಂಚು ಹಾಸಿದರೆ ಸಾಕು. ತೊಳೆಯುವ ಮೊದಲು ಒಂದು ಮುಷ್ಟಿಯ ಮೇಲೆ ಲಿಂಬೆಹುಳಿ ಹಿಂಡಿ ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣದ ಹರಳಿದೆ ಎಂದರ್ಥ, ನೀರನ್ನು ದಿನದಿನಕ್ಕೆ ಗಡುಸು ಮಾಡುತ್ತದೆ. ಅಲಂಕಾರಕ್ಕೆಂದು ಮಾರ್ಬಲ್ ಚೂರು, ಶಂಖ, ಚಿಪ್ಪು ಹಾಕುವುದೂ ಅದೇ ತಪ್ಪು. ಗಿಡಗಳಲ್ಲಿ ಅನುಬಿಯಸ್, ಜಾವಾ ಫರ್ನ್‌ಗಳನ್ನು ಕಟ್ಟಿಗೆಗೆ ದಾರದಿಂದ ಕಟ್ಟಿ, ವ್ಯಾಲಿಸ್ನೇರಿಯಾವನ್ನು ಹಿಂದೆ ನೆಡಿ. ಮೆತ್ತನೆ ಎಲೆಯವನ್ನು ಬಾರ್ಬ್ ಮೇಯ್ದುಬಿಡುತ್ತದೆ.

ಹೀಟರ್ ಈಗ ಬೇಡ. ಈ ಮೀನಿಗೆ 20ರಿಂದ 26 ಡಿಗ್ರಿ ಹಿತ. ಧಾರವಾಡದ ಜನವರಿ ರಾತ್ರಿಯಲ್ಲೂ ಮನೆಯೊಳಗಿನ 110 ಲೀಟರ್ ನೀರು ಸಾಮಾನ್ಯವಾಗಿ 20ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನಮ್ಮ ಸಮಸ್ಯೆ ಮಾರ್ಚ್‌ನಿಂದ ಮೇ. ಹೊರಗೆ 37-38 ಇದ್ದಾಗ ತಗಡಿನ ಮನೆಯ, ಮೇಲ್ಮಹಡಿಯ ಟ್ಯಾಂಕ್ 30 ದಾಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 8.2 ಮಿ.ಗ್ರಾಂ, 30ರಲ್ಲಿ 7.5. ಅದೇ ಹೊತ್ತಿಗೆ ಮೀನಿಗೆ ಬೇಕಾಗುವುದು ಹೆಚ್ಚು. ಮುಚ್ಚಳದ ಜಾಗದಲ್ಲಿ ಸೊಳ್ಳೆಪರದೆಯ ಜಾಳಿಗೆ ಬಿಗಿದು, ನೀರಿನ ಮೇಲೆ ಅಡ್ಡಕ್ಕೆ ಗಾಳಿ ಹೋಗುವಂತೆ ಸಣ್ಣ ಟೇಬಲ್ ಫ್ಯಾನ್ ಇಡಿ. ಎರಡು-ಮೂರು ಡಿಗ್ರಿ ಇಳಿಯುತ್ತದೆ. ನಮ್ಮ ಬೇಸಿಗೆ ಒಣ ಬೇಸಿಗೆಯಾದ್ದರಿಂದ ಈ ಉಪಾಯ ಕರಾವಳಿಗಿಂತ ಇಲ್ಲಿ ಚೆನ್ನಾಗಿ ನಡೆಯುತ್ತದೆ, ನೀರೂ ಅಷ್ಟೇ ಬೇಗ ಆರುತ್ತದೆ. ಆರಿದ್ದಕ್ಕೆ ಬೋರ್ ನೀರು ಸುರಿಯಬೇಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ, ಬೋರ್ ನೀರು ಸುರಿದರೆ ಉಪ್ಪಿನ ಮೇಲೆ ಉಪ್ಪು. ಆರ್‌ಒ ನೀರೇ ಹಾಕಿ. ಐಸ್ ಗಡ್ಡೆ ಹಾಕುವುದು ಇನ್ನೊಂದು ಹುಚ್ಚು. ಬಿಸಿಲು ಮೀನನ್ನು ನಿಧಾನಕ್ಕೆ ದಣಿಸಿದರೆ ಐಸು ಒಮ್ಮೆಲೇ ಹೊಡೆಯುತ್ತದೆ.

ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ, ಸೆಟ್ಟಿನಲ್ಲಿರುವ ಅತಿ ಹಾನಿಕರ ಸಾಮಾನು. ಶಿಲೀಂಧ್ರಕ್ಕೆ, ಮೊಟ್ಟೆ ಕೆಡದಂತೆ ತಡೆಯಲು ಅದಕ್ಕೆ ಅದರದೇ ಜಾಗವಿದೆ. ಪ್ರತಿ ಸಲ ನೀರು ಬದಲಿಸಿದಾಗ ‘ನಾಲ್ಕು ಹನಿ ಹಾಕ್ರಿ’ ಎಂದು ಕೊಡುವುದು ಮಾತ್ರ ತಪ್ಪು. ಅದು ಫಿಲ್ಟರಿನ ಬ್ಯಾಕ್ಟೀರಿಯಕ್ಕೂ ಮದ್ದು ಕೊಡುತ್ತದೆ, ಟ್ಯಾಂಕಿನ ಸಿಲಿಕೋನ್ ಅಂಟನ್ನೂ ಕಾಯಂ ನೀಲಿ ಮಾಡುತ್ತದೆ.

ಈಗ ನೀರು. ಇಲ್ಲೇ ಈ ಮೀನು ಪಾಸೋ ನಾಪಾಸೋ ಆಗುವುದು.

ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿಯ ರೇಣುಕಾಸಾಗರದಿಂದ ಬರುತ್ತದೆ, ಹುಬ್ಬಳ್ಳಿಗೆ ನೀರಸಾಗರದ್ದೂ ಸೇರುತ್ತದೆ. ಹೊಳೆಯ ನೀರು ಬಾರ್ಬಿಗೆ ಒಗ್ಗುತ್ತದೆ, ಕ್ಲೋರಿನ್ ಮಾತ್ರ ತೆಗೆಯಬೇಕು. ನಳ ಎಷ್ಟೋ ದಿನಕ್ಕೊಮ್ಮೆ ಬರುವ ಓಣಿಗಳಿಗೆ ಒಂದು ಅನುಕೂಲ ಇದೆ ಎಂದರೆ ಸಿಟ್ಟು ಬರಬಹುದು, ಆದರೂ ಇದೆ: ಬಾಯಿ ತೆರೆದ ಬ್ಯಾರಲ್‌ನಲ್ಲಿ ಎರಡು ದಿನ ನಿಂತ ನೀರಿನಿಂದ ಕ್ಲೋರಿನ್ ತಾನೇ ಹಾರಿಹೋಗಿರುತ್ತದೆ. ಮುಚ್ಚಿದ ಸಿಂಟೆಕ್ಸ್‌ನಲ್ಲಿ ಅಷ್ಟು ಬೇಗ ಹೋಗದು. ಹೊಸ ಸಿಮೆಂಟಿನ ಹೌದಿನ ನೀರನ್ನಂತೂ ಮುಟ್ಟಬೇಡಿ, ಸುಣ್ಣ ಬಿಟ್ಟು ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ, 7 ಅಂದರೆ ಸಮ) 9ರ ಮೇಲೆ ಹೋಗಿರುತ್ತದೆ. ಅವಸರದ ದಿನಕ್ಕೆ ಸೋಡಿಯಂ ಥಯೋಸಲ್ಫೇಟ್ ಹರಳು ಇಟ್ಟುಕೊಳ್ಳಿ. 10 ಗ್ರಾಂ ಹರಳನ್ನು 1 ಲೀಟರ್ ನೀರಿನಲ್ಲಿ ಕರಗಿಸಿ, ಕಪ್ಪು ಬಾಟಲಿಯಲ್ಲಿಡಿ. 10 ಲೀಟರ್ ನಳದ ನೀರಿಗೆ ಇದರ 10 ಮಿ.ಲೀ. ಸಾಕು. ಮಳೆಗಾಲದ ಕೆಂಪು ನೀರಿನ ದಿನಗಳಲ್ಲಿ ಕ್ಲೋರಿನ್ ವಾಸನೆ ಮೂಗಿಗೆ ಹೊಡೆದರೆ 20 ಮಿ.ಲೀ. ಹಾಕಿ. ಅಂಗಡಿಯ ಆಂಟಿ-ಕ್ಲೋರಿನ್ ಬಾಟಲಿಯಲ್ಲೂ ಸಾಮಾನ್ಯವಾಗಿ ಇರುವುದು ಇದೇ, ನೀರು ಬೆರೆಸಿದ್ದು.

ಗದಗದ ಕಡೆಯ ಸವಳು ಬೋರ್ ಬೇರೆ ಕತೆ. ಘಟ್ಟದ ತೊರೆಯ ಮೀನಿಗೆ ಪಿಎಚ್ 6ರಿಂದ 7.5 ಇದ್ದರೆ ಸುಖ. ಗಡುಸು ನೀರಿನಲ್ಲಿ ಸಾಯುವುದಿಲ್ಲ, ಬದುಕುತ್ತದೆ, ಆದರೆ ಮೊಟ್ಟೆ ಇಡುವುದಿಲ್ಲ, ಬಣ್ಣವೂ ಅರ್ಧ. ಅಪಾಯ ಇನ್ನೊಂದಿದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ನೀರಿನಲ್ಲಿರುವ ಅಮೋನಿಯದಲ್ಲಿ ವಿಷದ ರೂಪದ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಹುಬ್ಬಳ್ಳಿಯ ನೀರಿನಲ್ಲಿ ನಡೆದುಹೋಗುವ ತಪ್ಪು ಮುಂಡರಗಿಯ ಬೋರ್ ನೀರಿನಲ್ಲಿ ನಡೆಯುವುದಿಲ್ಲ. ಬೋರ್ ನೀರಿನ ಪಿಎಚ್ ಅಳೆಯುವಾಗ ಆಗಷ್ಟೇ ಎತ್ತಿದ್ದನ್ನು ಅಳೆಯಬೇಡಿ. ನೆಲದಡಿಯ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುವುದರಿಂದ ಕಡಿಮೆ ತೋರಿಸುತ್ತದೆ, ಒಂದು ದಿನ ಗಾಳಿಕಲ್ಲು ಹಾಕಿಟ್ಟ ಮೇಲೆ ನಿಜವಾದ ಅಂಕಿ ಬರುತ್ತದೆ.

ಪರಿಹಾರ ಬೆರಕೆ. ಬೋರ್ ನೀರಿನ ಟಿಡಿಎಸ್ (ಕರಗಿದ ಉಪ್ಪು-ಖನಿಜದ ಅಳತೆ) 600, ಶುದ್ಧ ನೀರಿನ ಘಟಕದ ಆರ್‌ಒ ನೀರು 30 ಎಂದಿಟ್ಟುಕೊಳ್ಳಿ. ಮೂರು ಪಾಲು ಬೋರ್, ಏಳು ಪಾಲು ಆರ್‌ಒ ಬೆರೆಸಿದರೆ 200ರ ಸುತ್ತ ಬರುತ್ತದೆ, ಮೆಲನ್ ಬಾರ್ಬಿಗೆ ಅದು ಸಾಕು. 20 ಲೀಟರಿನ ಒಂದು ಕ್ಯಾನಿಗೆ ಎಂಟೂವರೆ ಲೀಟರ್ ಬೋರ್. ಒಟ್ಟು ಇಪ್ಪತ್ತೆಂಟೂವರೆ ಲೀಟರ್ ಆಗುತ್ತದೆ, 110 ಲೀಟರಿನ ಟ್ಯಾಂಕಿಗೆ ವಾರದ ಕಾಲುಭಾಗ ಬದಲಾವಣೆಗೆ ಸರಿಹೋಯಿತು. ಬರೀ ಆರ್‌ಒ ನೀರಿನಲ್ಲಿ ಸಾಕಲು ಹೋಗಬೇಡಿ, ಪಿಎಚ್ ಹಿಡಿದಿಡುವ ಖನಿಜವೇ ಇಲ್ಲದೆ ಒಂದು ದಿನ ಸರ್ರನೆ ಕುಸಿಯುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಹಾಳಾಗಬಾರದೆಂದು ಟ್ಯಾಂಕಿಗೆ ಹಾಕುವುದೂ ಬೇಡ. ಬೋರಿನ ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಟ್ಯಾಂಕ್ ತುಂಬಿಸಿದ ಮರುದಿನ ಹತ್ತೂ ಮೀನು ಬಿಡುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಸ್ಪಂಜಿನಲ್ಲಿ ಬ್ಯಾಕ್ಟೀರಿಯ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಫಿಲ್ಟರ್ ಓಡಿಸುತ್ತ ದಿನಕ್ಕೆ ಚಿಟಿಕೆ ತಿಂಡಿ ಹಾಕಿ ಕೊಳೆಯಲು ಬಿಡಿ. ಅಮೋನಿಯ ಏರಿ ಇಳಿಯುತ್ತದೆ, ಅದರ ಹಿಂದೆ, ಬ್ಯಾಕ್ಟೀರಿಯ ಅಮೋನಿಯವನ್ನು ಅರಗಿಸಿದಾಗ ಹುಟ್ಟುವ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದ ಮೇಲೆ ಐದು ಮೀನು, ಎರಡು ವಾರ ಬಿಟ್ಟು ಇನ್ನೈದು. ಪರಿಚಯದವರ ಹಳೇ ಟ್ಯಾಂಕಿನ ಒಂದು ಸ್ಪಂಜ್ ಸಿಕ್ಕರೆ ಅರ್ಧ ಕಾಲ ಉಳಿಯುತ್ತದೆ, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಅಮೋನಿಯ, ನೈಟ್ರೈಟ್ ಅಳೆಯಲು ಪಟ್ಟಿಯ ಟೆಸ್ಟ್‌ಗಿಂತ ಹನಿಯ ಟೆಸ್ಟ್ ಕಿಟ್ ನಂಬಿಕಸ್ಥ. ದುಡ್ಡು ಉಳಿಸುವುದಾದರೆ ಹೀಟರಿನಲ್ಲಿ ಉಳಿಸಿ, ಇದರಲ್ಲಿ ಬೇಡ.

ತಿಂಡಿಗೆ ಹೆಚ್ಚು ಮಾತು ಬೇಕಿಲ್ಲ. 1 ಮಿ.ಮೀ. ಕಾಳು ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಸುವಷ್ಟು. ವಾರಕ್ಕೆರಡು ದಿನ ಕುದಿಸಿದ ಪಾಲಕ್ ಅಥವಾ ಸಿಪ್ಪೆ ತೆಗೆದ ಬಟಾಣಿ, ಒಂದು ದಿನ ಫ್ರೋಜನ್ ಬ್ಲಡ್‌ವರ್ಮ್. ಗಟಾರದಿಂದ ತಂದು ಮಾರುವ ಟ್ಯೂಬಿಫೆಕ್ಸ್ ಹುಳ ಬೇಡ, ಹುಳದ ಜೊತೆ ರೋಗವೂ ಬರುತ್ತದೆ.

ಬಿಳಿಚುಕ್ಕೆ ರೋಗ ಹೊಸ ಮೀನಿನ ಜೊತೆ ಬರುವ ಅತಿಥಿ. ಅದಕ್ಕೇ ಹೊಸದನ್ನು ಮೂರು ವಾರ ಬೇರೆ ಡಬ್ಬದಲ್ಲಿಡಿ. ಬಂದೇಬಿಟ್ಟರೆ ಮೇಲೆ ಬೇಡ ಎಂದ ಹೀಟರ್ ಈಗ ಬೇಕು: ದಿನಕ್ಕೆ ಎರಡು ಡಿಗ್ರಿಯಂತೆ 29-30ಕ್ಕೆ ಏರಿಸಿ, ಗಾಳಿ ಜೋರಾಗಿ ಬಿಡಿ, ಅಯೋಡಿನ್ ಇಲ್ಲದ ಕಲ್ಲುಪ್ಪು ಲೀಟರಿಗೆ 1ರಿಂದ 2 ಗ್ರಾಂ, ಕರಗಿಸಿ ಎರಡು ದಿನದಲ್ಲಿ ಹಂಚಿ ಹಾಕಿ. ಚುಕ್ಕೆ ಮಾಯವಾದ ಮೇಲೂ ಒಂದು ವಾರ ಹಾಗೇ ಇರಲಿ. ಚರ್ಮದೊಳಗಿರುವ ರೋಗಾಣುವಿಗೆ ಮದ್ದು ತಾಗುವುದಿಲ್ಲ, ಹೊರಬಿದ್ದು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ.

ಮೀನಿನ ಮೇಲೆ ನಮ್ಮ ತಕರಾರು ಒಂದೇ: ತನ್ನ ಮೊಟ್ಟೆಯನ್ನು ತಾನೇ ತಿನ್ನುತ್ತದೆ. ಮರಿ ಬೇಕಾದವರು 18×10×10 ಇಂಚಿನ ಬೇರೆ ಟ್ಯಾಂಕ್ ಇಡಬೇಕು. ತಳಕ್ಕೆ ಮಕ್ಕಳು ಆಡುವ ಗಾಜಿನ ಗೋಲಿಗಳನ್ನು ಎರಡು ಸಾಲು ಹಾಸಿ, ಮೇಲೆ ಒಂದು ಹಿಡಿ ಜಾವಾ ಮಾಸ್ ಹರಡಿ, ಆರೇಳು ಇಂಚು ಹಳೆಯ ಮೆದು ನೀರು, 25-26 ಡಿಗ್ರಿ. ಹೊಟ್ಟೆ ತುಂಬಿದ ಹೆಣ್ಣು, ಬಣ್ಣ ಏರಿದ ಗಂಡು, ಜೋಡಿಯನ್ನು ಸಂಜೆ ಬಿಟ್ಟರೆ ಬಹುಪಾಲು ಮರುದಿನ ಬೆಳಿಗ್ಗೆ ಕೆಲಸ ಮುಗಿದಿರುತ್ತದೆ. ಮೊಟ್ಟೆ ಗೋಲಿಯ ಸಂದಿಗೆ ಇಳಿಯುತ್ತದೆ, ದೊಡ್ಡವುಗಳ ಬಾಯಿಗೆ ಎಟುಕುವುದಿಲ್ಲ. ಜೋಡಿಯನ್ನು ತಕ್ಷಣ ತೆಗೆಯಿರಿ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು, ಅದರ ಮರುದಿನ ಮರಿಗಳು ಈಜತೊಡಗುತ್ತವೆ. ಮೊದಲ ನಾಲ್ಕೈದು ದಿನ ಮರಿಗಳ ತಿಂಡಿಗೆ ಇನ್ಫ್ಯುಸೋರಿಯ, ಅಂದರೆ ನೀರಿನ ಸೂಕ್ಷ್ಮಜೀವಿಗಳು, ಬೇಕು. ಜೋಡಿ ಬಿಡುವ ವಾರದ ಮೊದಲೇ ಹಳೇ ಟ್ಯಾಂಕಿನ ನೀರಿನಲ್ಲಿ ಒಂದು ತುಂಡು ಕೋಸಿನ ಎಲೆ ಹಾಕಿ ಬೆಳಕಿಗಿಟ್ಟರೆ ತಯಾರಾಗಿರುತ್ತದೆ. ಆಮೇಲೆ ಆಗಷ್ಟೇ ಒಡೆದ ಬ್ರೈನ್ ಶ್ರಿಂಪ್. ಮರಿ ಟ್ಯಾಂಕಿಗೆ ಪವರ್ ಹೆಡ್ ಹಾಕಬೇಡಿ, ಸಣ್ಣ ಸ್ಪಂಜ್ ಒಂದೇ ಸಾಕು, ಗುಳ್ಳೆ ಎಣಿಸುವಷ್ಟು ನಿಧಾನವಾಗಿ. ದಿನಕ್ಕೆ ಒಂದು ತಂಬಿಗೆ ನೀರು ತೆಗೆದು ಒಂದು ತಂಬಿಗೆ ಹಾಕಿ. ಮರಿ ಹೆಚ್ಚಾಗಿ ಇಡಲು ಜಾಗವಿಲ್ಲದಾಗ ಉಣಕಲ್ ಕೆರೆಗೆ ಬಿಡಬೇಡಿ. ಅಂಗಡಿಯವರೇ ಕೊಳ್ಳುತ್ತಾರೆ, ಬದಲಿಗೆ ತಿಂಡಿಯ ಡಬ್ಬಿಯನ್ನಾದರೂ ಕೊಡುತ್ತಾರೆ.